ಸೀಟಿನ ಕೆಳಗೊಂದು ಸ್ಪ್ರಿಂಗು

ಚಿಕ್ಕೋಡಿಯ ನಮ್ಮ ಮನೆಯ ಅಡುಗೆ ಕಟ್ಟೆಯ ಮೇಲೆ, ಮಿಕ್ಸರಿಗೂ ಶೇಂಗಾ ಹಿಂಡಿಯ ಡಬ್ಬಿಗೂ ನಡುವೆ, ಐದು ವಾರ ಒಂದು ಕಪ್ಪು ಕೊಳವೆ ಬಿದ್ದುಕೊಂಡಿತ್ತು. ಮೊಣಕೈಯಷ್ಟು ಉದ್ದ, ತುದಿಯಲ್ಲಿ ಕೀಲುಗಳು, ಹೊಟ್ಟೆಯೊಳಗೆ ಸ್ಪ್ರಿಂಗು. ಮೇಲಿಂದ ಒತ್ತಿದರೆ ಬೆರಳಗಲ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ. ಮನೆಗೆ ಬಂದವರು ಒಬ್ಬರೂ ಅದನ್ನು ಒತ್ತದೆ ಹೋಗಲಿಲ್ಲ. ಹಾಲು ತರುವ ಅಕ್ಕ ಎರಡು ಸಲ ಒತ್ತಿ ನೋಡಿ, "ಶಾವಿಗಿ ಒತ್ತೂದೇನ್ರಿ ಇದು? ತೂತ ಎಲ್ಲೈತಿ?" ಎಂದು ಕೇಳಿದಳು. ಅದು ಸೈಕಲ್ಲಿನ ಸೀಟಿನ ಕೆಳಗೆ ಹಾಕುವುದು ಎಂದು ನಾನು ಹೇಳಿದೆ. ಹಾಗಾದರೆ ಅಡುಗೆಮನೆಯಲ್ಲಿ ಯಾಕೆ ಇಟ್ಟಿದ್ದೀರಿ ಎಂದು ಅವಳು ಕೇಳಲಿಲ್ಲ.

ಅದನ್ನು ತಂದುಕೊಟ್ಟವನು ಅಪ್ಪಾಸಾಹೇಬ. ನನ್ನ ಕಾಲೇಜಿನ ಗೆಳೆಯ, ಕಾಗವಾಡ ತಾಲೂಕಿನ ಜುಗೂಳದವನು, ಹೊಳೆದಂಡೆಯಲ್ಲಿ ಕಬ್ಬು ಬೆಳೆಯುತ್ತಾನೆ. ಐವತ್ತು ದಾಟಿದ ಮೇಲೆ ನಮ್ಮಿಬ್ಬರಿಗೂ ಒಟ್ಟಿಗೇ ಸೈಕಲ್ಲಿನ ಹುಚ್ಚು ಹಿಡಿಯಿತು. ಭಾನುವಾರ ಬೆಳಗ್ಗೆ ಅಂಕಲಿಯಲ್ಲಿ ಸೇರಿ ಅಲ್ಲಿಂದ ಎಲ್ಲಿಗಾದರೂ ಹೊಡೆಯುವುದು, ಒಂದು ಕಡೆ ಮಿಸಳ ತಿನ್ನುವುದು, ತುಳಿದು ಕರಗಿಸಿದ್ದಕ್ಕಿಂತ ಹೆಚ್ಚು ತಿಂದೆವಲ್ಲ ಎಂದು ನಗುತ್ತ ಮನೆಗೆ ಬರುವುದು. ಅವನು ತನ್ನ ಸೈಕಲ್ಲಿಗೆ ಈ ಸ್ಪ್ರಿಂಗಿನ ಕೊಳವೆ ಹಾಕಿಸಿಕೊಂಡ ದಿನದಿಂದ ಬೇರೆ ಮಾತೇ ಆಡುತ್ತಿಲ್ಲ.

"ಏನ ಹೇಳ್ಲಿ ಲೇ ಮಾಸ್ತರ, ಸೋಫಾದ ಮ್ಯಾಲ ಕುಂತಂಗ ಆಗತೈತಿ. ನಿನಗೂ ಒಂದ ತಂದೀನಿ. ನಾಳೆ ಹೋಗಿ ಹಾಕಸು. ಹಾಕಸದಿದ್ರ ನನ್ನ ಜೋಡಿ ಬರಬ್ಯಾಡ."

ಇಲ್ಲಿ ಸೈಕಲ್ಲಿನ ಗೋಜು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನನ್ನದು ಹಾರ್ಡ್‌ಟೇಲ್ ಜಾತಿಯ ಮೌಂಟನ್ ಬೈಕು. ಮುಂದಿನ ಗಾಲಿಗೆ ಸ್ಪ್ರಿಂಗಿದೆ, ಹಿಂದಿನದಕ್ಕೆ ಇಲ್ಲ. ಅಂದರೆ ಕೈಗೆ ಸುಖ, ಕುಂಡಿಗೆ ಶಿಕ್ಷೆ. ಈ ಶಬ್ದ ಬರೆಯಲು ಹೈಸ್ಕೂಲಿನ ವಿಜ್ಞಾನ ಮಾಸ್ತರನಾದ ನನಗೆ ಸಂಕೋಚ ಇದ್ದೇ ಇದೆ. ಆದರೆ ಈ ಪ್ರಬಂಧ ಅದಿಲ್ಲದೆ ಮುಂದೆ ಸಾಗುವುದಿಲ್ಲ, ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು. ಹಿಂದಿನ ಗಾಲಿ ತಗ್ಗಿಗೆ ಬಿದ್ದರೆ ಆ ಏಟು ಚೌಕಟ್ಟು ಹತ್ತಿ, ಸೀಟು ಹತ್ತಿ, ನೇರವಾಗಿ ಬೆನ್ನುಹುರಿಗೆ ಬಂದು ಬಡಿಯುತ್ತದೆ. ಸೀಟಿನ ಕೆಳಗೆ ಸ್ಪ್ರಿಂಗಿನ ಕೊಳವೆ ಇದ್ದರೆ ಏಟಿನ ಅರ್ಧ ಅಲ್ಲೇ ಸಾಯುತ್ತದೆ. ಇಷ್ಟೇ ವಿಷಯ. ಹತ್ತನೇ ತರಗತಿಯ ಮಕ್ಕಳಿಗೆ ಐದು ನಿಮಿಷದಲ್ಲಿ ತಿಳಿಯುವ ಸಂಗತಿ.

ಏಟುಗಳಿಗೆ ನಮ್ಮ ಕಡೆ ಬರವಿಲ್ಲ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹಿಂದೆ ಎರಡೆರಡು ಟ್ರೇಲರಿನ ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಫ್ಯಾಕ್ಟರಿಯ ಕಡೆ ಹೊರಡುತ್ತವೆ. ಹೊಲದ ದಾರಿಗಳ ಎರೆಮಣ್ಣು ಹಸಿ ಇದ್ದಾಗ ಗಾಲಿಯ ಗುರುತು ಮೊಣಕಾಲು ಆಳ ಕುಸಿಯುತ್ತದೆ, ಬಿಸಿಲು ಬಿದ್ದ ಮೇಲೆ ಅದೇ ಕಬ್ಬಿಣದಂತೆ ಗಟ್ಟಿಯಾಗುತ್ತದೆ. ಡಾಂಬರಿನ ಮೇಲೆ ಬಿದ್ದ ಕಬ್ಬಿನ ಗಳ ಬೇರೆ. ಊರೂರಿಗೆ ಜನ ತಾವೇ ಹಾಕಿಕೊಂಡ ಉಬ್ಬುಗಳು ಬೇರೆ. ಚಿಕ್ಕೋಡಿಯಿಂದ ಮಡ್ಡಿಯ ಬರಡು ದಿಬ್ಬಗಳ ಕಡೆ ಹೋದರೆ ಬರೀ ಹರಳು ಕಲ್ಲು. ಇಂಥ ಸೀಮೆಯಲ್ಲಿ ಹಾರ್ಡ್‌ಟೇಲ್ ಹತ್ತಿ ತಿರುಗುವವನು ಸೀಟಿನ ಕೆಳಗೆ ಸ್ಪ್ರಿಂಗ್ ಹಾಕಿಸಬೇಕೋ ಬೇಡವೋ ಎಂದು ಐದು ವಾರ ಯೋಚಿಸುತ್ತಾನೆಂದರೆ ಅವನ ತಲೆಯಲ್ಲಿ ಬೇರೆ ಏನೋ ಇರಬೇಕು ಎಂದು ನಿಮಗೆ ಅನಿಸಿರಬಹುದು. ಇತ್ತು.

ನಾನು ಹುಟ್ಟಾ ಅಂಜುಬುರುಕ. ಸಣ್ಣವನಿದ್ದಾಗ ನಮ್ಮೂರು ಭೋಜದಲ್ಲಿ ಆಳೆತ್ತರ ಬೆಳೆದ ಕಬ್ಬಿನೊಳಗೆ ಹೋಗಲು ಹೆದರುತ್ತಿದ್ದೆ. ಕಬ್ಬಿನ ಒಣ ಎಲೆಯ ರವದಿ ಸರಬರ ಅಂದರೆ ಹಾವೆಂದು ಓಡುತ್ತಿದ್ದೆ. ಈಜು ಕಲಿಸಲು ನಡುವಿಗೆ ಹಗ್ಗ ಕಟ್ಟಿ ಬಾವಿಗೆ ಇಳಿಸಿದರೆ ಊರಿಗೆಲ್ಲ ಕೇಳುವಂತೆ ಚೀರುತ್ತಿದ್ದೆ. ದೊಡ್ಡವನಾದ ಮೇಲೆ ಇನ್ಸ್‌ಪೆಕ್ಷನ್ನಿಗೆ ಹೆದರಿದೆ, ಸ್ಟೇಜಿಗೆ ಹೆದರಿದೆ, ಲಿಫ್ಟಿಗೆ ಇವತ್ತಿಗೂ ಹೆದರುತ್ತೇನೆ. ಅವೆಲ್ಲ ನಾಲ್ಕು ಜನರೆದುರು ಹೇಳಿ ನಗಬಹುದಾದ ಅಂಜಿಕೆಗಳು. ಮೂರು ತಿಂಗಳ ಹಿಂದೆ ಬಂದ ಅಂಜಿಕೆಯನ್ನು ಮಾತ್ರ ಯಾರ ಮುಂದೆಯೂ ಹೇಳಿರಲಿಲ್ಲ.

ಒಂದು ಭಾನುವಾರ ಸಂಜೆ ಮಡ್ಡಿ ಸುತ್ತಿ ಬಂದು ಬಚ್ಚಲಲ್ಲಿ ನಿಂತು ಕಾಲಿನ ಮೇಲೆ ಬಿಸಿನೀರು ಸುರಿದುಕೊಂಡೆ. ಬಲಗಾಲು ಚುರ್ ಅಂದಿತು. ಎಡಗಾಲಿಗೆ ಯಾರೋ ಕಾಲುಚೀಲ ತೊಡಿಸಿದ್ದಾರೆ ಎನಿಸಿತು. ಬಗ್ಗಿ ನೋಡಿದೆ, ಕಾಲು ಬರಿದೇ ಇತ್ತು. ಇನ್ನೊಂದು ತಂಬಿಗೆ ಸುರಿದೆ. ಕಿರುಬೆರಳಿನಿಂದ ಹಿಮ್ಮಡಿಯವರೆಗೆ ಹೊರಗಿನ ಅಂಚು ಬಿಸಿಯನ್ನು ತಿಳಿಯಲಿಲ್ಲ. ನಾನು ಬಚ್ಚಲ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಹೊರಗಿನಿಂದ ನನ್ನ ಹೆಂಡತಿ ಸುನಂದಾ, "ಎಷ್ಟೊತ್ರೀ? ಹೊತ್ತ ಮುಳುಗೂದ್ರಾಗ ಊಟ ಮಾಡ್ತೀರೋ ಇಲ್ಲೋ?" ಎಂದು ಕೂಗಿದಳು. ಸಂಜೆಯಾದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ, ಅದು ಜೈನರ ಪದ್ಧತಿ. "ಏನಿಲ್ಲ, ಬಂದೆ" ಎಂದೆ. ಆವತ್ತಿನಿಂದ ಅವಳಿಗೆ ಏನಿಲ್ಲ, ಏನಿಲ್ಲ ಎನ್ನುತ್ತಲೇ ಬಂದೆ.

ಶಾಲೆಯ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತರಬೇಕು ಎಂದು ಸುಳ್ಳು ಹೇಳಿ ಮಿರಜಿಗೆ ಹೋಗಿ ಡಾಕ್ಟರರಿಗೆ ತೋರಿಸಿದೆ. ಅವರು ಸುತ್ತಿಗೆಯಿಂದ ಬಡಿದರು, ಸೂಜಿಯಿಂದ ಚುಚ್ಚಿದರು, ಹಿಮ್ಮಡಿಯ ಮೇಲೆ ನಡೆ ಎಂದರು. ಬೆನ್ನಿನಲ್ಲಿ ಒಂದು ನರದ ಮೇಲೆ ಭಾರ ಬಿದ್ದಿರಬೇಕು ಎಂದು ಹೇಳಿ ಸ್ಕ್ಯಾನಿಗೆ ಚೀಟಿ ಬರೆದುಕೊಟ್ಟರು. "ಉಶೀರ ಕರೂ ನಕಾ, ಗುರುಜೀ" ಎಂದರು. ತಡ ಮಾಡಬೇಡಿ ಎಂಬುದನ್ನು ಯಾವ ಭಾಷೆಯಲ್ಲಿ ಕೇಳಿದರೂ ಎದೆ ಧಸಕ್ಕೆನ್ನುತ್ತದೆ. ನಾನು ಆ ಚೀಟಿಯನ್ನು ಮಡಚಿ, ಸುನಂದಾ ಎಂದೂ ಕೈಹಾಕದ ಜಾಗ ಯಾವುದೆಂದು ಯೋಚಿಸಿ, ಸೈಕಲ್ಲಿನ ಸೀಟಿಗೆ ಕಟ್ಟಿದ ಪಂಕ್ಚರ್ ಸಾಮಾನಿನ ಚೀಲದಲ್ಲಿ ಇಟ್ಟೆ. ಬರುವಾಗ ಮಿರಜಿನ ಪೇಟೆಯಲ್ಲಿ ನಾಲ್ಕು ಪ್ರನಾಳ ಕೊಂಡುಕೊಂಡೆ, ಸುಳ್ಳು ಸುಳ್ಳಾಗಿ ಉಳಿಯಬಾರದಲ್ಲ.

ಈಗ ನಿಮಗೆ ತಿಳಿದಿರಬೇಕು. ಸ್ಪ್ರಿಂಗ್ ಹಾಕಿಸಿದರೆ ಬೆನ್ನಿಗೆ ಏಟು ಬೀಳುವುದಿಲ್ಲ, ಏಟು ಬೀಳದಿದ್ದರೆ ನರ ತಾನೇ ಸುಧಾರಿಸುತ್ತದೆ, ಸುಧಾರಿಸಿದರೆ ಆ ಚೀಟಿಯನ್ನು ಹರಿದು ಹಾಕಬಹುದು. ಇದು ನನ್ನ ಲೆಕ್ಕ. ಹಾಕಿಸಿದ ಮೇಲೂ ಸುಧಾರಿಸದಿದ್ದರೆ? ಆಗ ಮಾಡಲು ಬೇರೇನೂ ಉಳಿಯುವುದಿಲ್ಲ, ಆ ಗುಹೆಯಂಥ ಯಂತ್ರದೊಳಗೆ ಮಲಗಲೇಬೇಕು. ಹಾಕಿಸದಿರುವವರೆಗೆ ಒಂದು ಆಸೆಯಾದರೂ ಕೈಯಲ್ಲಿರುತ್ತದೆ. ಹಾಗಾಗಿ ಕೊಳವೆ ಅಡುಗೆ ಕಟ್ಟೆಯ ಮೇಲೆ ಉಳಿಯಿತು, ಬಂದವರು ಒತ್ತುತ್ತ ಹೋದರು.

ಹಾಕಿಸದಿರಲು ನಾನು ಹೇಳುತ್ತಿದ್ದ ನೆಪಗಳು ಒಂದೆರಡಲ್ಲ. ಸೈಕಲ್ಲಿನ ತೂಕ ಹೆಚ್ಚಾಗುತ್ತದೆ ಎಂದೆ. ಅಪ್ಪಾಸಾಹೇಬ ನನ್ನ ಹೊಟ್ಟೆಯ ಕಡೆ ನೋಡಿದ. ತುಳಿಯುವಾಗ ಸೀಟು ಮೇಲೆ ಕೆಳಗೆ ಆಡಿ ಬಲ ವ್ಯರ್ಥವಾಗುತ್ತದೆ ಎಂದೆ. "ನೀ ಏನ ರೇಸಿಗೆ ಹೊಂಟೀಯೇನ?" ಎಂದ. ಕೀಲು ಸಡಿಲಾಗಿ ಕುಂಯಿ ಕುಂಯಿ ಎನ್ನುತ್ತದಂತೆ ಎಂದೆ. "ನಿನ್ನ ಮೊಣಕಾಲ ಏನ ಬಾಜಾ ಬಾರಸತೈತಿ, ಅದರ ಮುಂದ ಇದೇನ ಕೇಳಸತೈತಿ?" ಎಂದ. ಸುನಂದಾಳದು ಇನ್ನೂ ಸೀದಾ ಮಾತು. "ಹಾಕಸ್ರಿ, ಇಲ್ಲಾ ಅತ್ಲಾಗ ಒಗೀರಿ. ದಿನಾ ಇದನ್ನ ಎತ್ತಿ, ಕಟ್ಟಿ ಒರಸಿ, ಮತ್ತ ಇಡಾಕ ನಾ ಒಲ್ಲೆ. ಒಂದ ಸೀಟ ಕೂಡ್ರಸಾಕ ಇಷ್ಟ ವಿಚಾರ ಮಾಡಾವ್ರು ನನ್ನ ಲಗ್ನಾ ಹೆಂಗಾದ್ರಿ ಅಂತ."

ಅವಳನ್ನು ನೋಡಲು ಹೋದ ದಿನ ಅರ್ಧ ತಾಸಿನಲ್ಲಿ ಹೂಂ ಅಂದಿದ್ದೆ. ಆಗ ಅಂಜಲು ಪುರುಸೊತ್ತಿರಲಿಲ್ಲ.

ಆದರೆ ನನ್ನ ಅಂಜಿಕೆಯ ಬೇರು ಮಿರಜಿನ ಚೀಟಿಯಲ್ಲಿಲ್ಲ. ಅದು ಭೋಜದ ನಮ್ಮ ಹೊಲದಲ್ಲಿದೆ, ನಮ್ಮಪ್ಪನ ಕೆಂಪು ಟ್ರ್ಯಾಕ್ಟರಿನಲ್ಲಿದೆ. ಆಗಿನ ಟ್ರ್ಯಾಕ್ಟರಿನ ಸೀಟೆಂದರೆ ಕಬ್ಬಿಣದ ಒಂದು ಬೋಗುಣಿ, ಅದರ ಕೆಳಗೆ ಒಂದು ದಪ್ಪ ಸ್ಪ್ರಿಂಗು. ಶಾಲೆ ಬಿಟ್ಟು ಬಂದು ಆ ಬೋಗುಣಿಯಲ್ಲಿ ಕುಳಿತು ಜಿಗಿಯುವುದು ನನ್ನ ದೊಡ್ಡ ಆಟವಾಗಿತ್ತು. ಡೀಸೆಲ್ಲಿನ ವಾಸನೆ, ಬಿಸಿಲಿಗೆ ಕಾದ ಕಬ್ಬಿಣ, ಚಡ್ಡಿಯ ಹಿಂಭಾಗಕ್ಕೆ ಹತ್ತಿದ ಗ್ರೀಸು, ಅದಕ್ಕಾಗಿ ಅವ್ವನ ಕೈಯ ಏಟು, ಎಲ್ಲ ಈಗಲೂ ನೆನಪಿದೆ. ಒಂದು ವರ್ಷ ಕಬ್ಬಿನ ಕೂಳೆ ಕಿತ್ತು ಆಳವಾಗಿ ಉಳುವ ಕಾಲಕ್ಕೆ ಸರಿಯಾಗಿ ಆ ಸ್ಪ್ರಿಂಗು ಮುರಿಯಿತು. ಹೊಸದು ಸಾಂಗಲಿಯಿಂದ ಬರಬೇಕು, ಎಂಟು ದಿನ ಬೇಕು. ಎಂಟು ದಿನ ಬಿಟ್ಟರೆ ಮಣ್ಣಿನ ಹದ ಹೋಗುತ್ತದೆ. ಅಪ್ಪ ನಿಪ್ಪಾಣಿಗೆ ಹೊಡೆದುಕೊಂಡು ಹೋಗಿ, ಸ್ಪ್ರಿಂಗ್ ಇದ್ದಲ್ಲಿ ಒಂದು ಕಬ್ಬಿಣದ ಗೂಟ ನಿಲ್ಲಿಸಿ ವೆಲ್ಡಿಂಗ್ ಮಾಡಿಸಿಕೊಂಡು ಬಂದ. ಮೇಲೊಂದು ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿಕೊಂಡ. ಸದ್ಯಕ್ಕೆ ನಡೆಯಲಿ ಎಂದು ಮಾಡಿಸಿದ್ದು ಟ್ರ್ಯಾಕ್ಟರ್ ಮಾರುವವರೆಗೂ ಹಾಗೇ ಇತ್ತು.

ಅದು ಆಲಸ್ಯದಿಂದ ಉಳಿದದ್ದಲ್ಲ. ಅಪ್ಪನಿಗೆ ಅದು ಇಷ್ಟವಾಯಿತು. ಸ್ಪ್ರಿಂಗ್ ಇಲ್ಲದ ಸೀಟಿನ ಮೇಲೆ ಕುಳಿತರೆ ನೆಲದೊಳಗಿನ ಸುದ್ದಿ ಎಲ್ಲ ಮೈಗೆ ತಿಳಿಯುತ್ತದೆ ಎಂದು ಅವನಿಗೆ ಗೊತ್ತಾಯಿತು. "ಕಲ್ಲ ಬಂದ್ರ ಕಲ್ಲ, ಬೇರ ಬಂದ್ರ ಬೇರ, ಹಸಿ ಬಂದ್ರ ಹಸಿ. ನೇಗಲ ತುದಿ ಎಲ್ಲೈತಿ ಅಂತ ತಿರುಗಿ ನೋಡೂದ ಬ್ಯಾಡ. ಸ್ಪ್ರಿಂಗಿನ ಮ್ಯಾಲ ಕುಂತಾವಂಗ ಭೂಮಿ ತಿಳಿಯೂದಿಲ್ಲ" ಎನ್ನುತ್ತಿದ್ದ. ಊರಿನ ರೈತರನ್ನು ಬದುವಿನ ಮೇಲೆ ನಿಲ್ಲಿಸಿ, ಮುಂದೆ ಮಾತ್ರ ನೋಡುತ್ತ ಉಳುತ್ತ ಹೋಗಿ, "ಇಲ್ಲಿ ತೇವ ಐತಿ, ಇಲ್ಲಿ ಗರಸ ಐತಿ" ಎಂದು ಕೂಗಿ ಹೇಳುತ್ತಿದ್ದ. ಅವರು ಮಣ್ಣು ಕೆದರಿ ನೋಡಿದರೆ ಹೇಳಿದ್ದು ಹೇಳಿದ ಹಾಗೇ ಇರುತ್ತಿತ್ತು. ನಾನು ಎದೆಯುಬ್ಬಿಸಿಕೊಂಡು ನಿಲ್ಲುತ್ತಿದ್ದೆ. ಅದನ್ನು ನೋಡಿ ಇನ್ನೂ ನಾಲ್ಕು ಮಂದಿ ಸ್ಪ್ರಿಂಗು ಸರಿ ಇದ್ದರೂ ಕಿತ್ತೆಸೆದು ಗೂಟ ವೆಲ್ಡಿಂಗ್ ಮಾಡಿಸಿಕೊಂಡು ಬಂದರು. ವೆಲ್ಡಿಂಗಿನವನು ನಮ್ಮೂರಿನವರಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಐದಾರು ವರ್ಷ ಕಳೆದ ಮೇಲೆ ಈ ಐವರೂ ಸಂಜೆ ಬಸದಿಯ ಮುಂದಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಏಳುವಾಗ ಐವರೂ ನಡುವಿನ ಮೇಲೆ ಕೈ ಇಟ್ಟು ಒಂದೇ ಥರ ನರಳುತ್ತಿದ್ದರು. ಹಿರಿಯರಾದ ಮೇಲೆ ಹಾಗೆ ನರಳಬೇಕು, ಅದು ದೊಡ್ಡವರ ಲಕ್ಷಣ ಎಂದೇ ನಾನು ತಿಳಿದಿದ್ದೆ. ಹುಡುಗರು ಸೇರಿ ಅವರ ಹಾಗೆ ಎದ್ದು ತೋರಿಸಿ ನಗುತ್ತಿದ್ದೆವು. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಅದೇ ದಿನಗಳಲ್ಲಿ ಒಂದು ವರ್ಷ ನಮ್ಮ ಹೊಲದಲ್ಲಿ ಬೆಲ್ಲದ ಗಾಣ ಹೂಡಿದ್ದರು. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವಲ್ಲಿ ಯಾರೂ ಚಪ್ಪಲಿ ಮೆಟ್ಟುವುದಿಲ್ಲ, ಅದು ಪದ್ಧತಿ. ನಾನು ಒಂದು ತುಂಡು ಕಬ್ಬು ಹಿಡಿದು ಬಿಸಿ ನೊರೆಯಲ್ಲಿ ಅದ್ದಿಸಿಕೊಳ್ಳಲು ಕಾಯುತ್ತ ನಿಂತಿದ್ದೆ. ಅಪ್ಪ ಒಲೆಯ ಬಾಯಿಯ ಹತ್ತಿರ ನಿಂತು ಯಾರ ಜೊತೆಗೋ ನಾಳೆಯ ಕಬ್ಬಿನ ಮಾತು ಆಡುತ್ತಿದ್ದ. ಒಲೆಯಿಂದ ಎಳೆದು ಹಾಕಿದ ಬೂದಿ ಅಲ್ಲೇ ರಾಶಿ ಬಿದ್ದಿತ್ತು. ಮಾತಿನ ನಡುವೆ ಅಪ್ಪ ಮೂಗು ಎತ್ತಿ ಗಾಳಿ ಮೂಸಿದ.

"ಏನೋ ಸುಟ್ಟ ವಾಸ್ನಿ ಬರಾಕತ್ತೈತಿ. ಯಾವುದಾರ ಗೋಣಿ ಹತ್ತೈತೇನ ನೋಡ್ರೋ" ಎಂದ.

ಒಲೆಗೆ ಉರುವಲು ಹಾಕುವವನು ತಿರುಗಿ ನೋಡಿದವನೇ ಕಿರುಚಿದ. "ಯಜಮಾನ್ರ, ಕಾಲ! ನಿಮ್ಮ ಕಾಲ್ರೀ!"

ಅಪ್ಪನ ಎಡಗಾಲು ಬೂದಿಯೊಳಗಿತ್ತು. ಮೇಲೆ ತಣ್ಣಗೆ ಕಾಣುವ ಬೂದಿಯ ಕೆಳಗೆ ಕೆಂಡ. ಯಾರೋ ರಟ್ಟೆ ಹಿಡಿದು ಎಳೆದರು. ಅಪ್ಪ ಕೂಗಲಿಲ್ಲ. ಅದು ಧೈರ್ಯ ಎಂದು ಸುತ್ತಲಿನವರು ಆಮೇಲೆ ಹೇಳಿಕೊಂಡರು. ನಾನು ಅಲ್ಲೇ ಎದುರಿಗಿದ್ದೆ, ಅವನ ಮುಖ ನೋಡುತ್ತಿದ್ದೆ. ಅಪ್ಪ ಬಗ್ಗಿ, ಆ ಕಾಲು ಬೇರೆ ಯಾರದೋ, ತನ್ನ ಹತ್ತಿರ ಯಾಕೆ ಬಂತು ಎನ್ನುವಂತೆ ಅದನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿ, "ಅವ್ವಗ ಹೇಳಬ್ಯಾಡ" ಎಂದ. ಅಂಥ ಗಾಯವನ್ನು ಅವ್ವನಿಂದ ಮುಚ್ಚಿಡಲು ಆಗುತ್ತದೆಯೇ? ಅಷ್ಟು ಹೆದರಿದ್ದ ಅವನು. ನನ್ನ ಅಪ್ಪನೂ ಹೆದರುತ್ತಾನೆ ಎಂದು ನನಗೆ ಗೊತ್ತಾದದ್ದು ಆವತ್ತು.

ಆ ಗಾಯ ಮಾಯಲು ಒಂದು ವರ್ಷ ಹಿಡಿಯಿತು. ಕಾಲು ಮತ್ತೆ ಮೊದಲಿನಂತಾಗಲಿಲ್ಲ. ಅವನು ಟ್ರ್ಯಾಕ್ಟರ್ ಹತ್ತಲಿಲ್ಲ, ಕ್ಲಚ್ಚಿನ ಮೇಲೆ ಕಾಲಿದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಭೂಮಿಯ ಸುದ್ದಿ ಎಲ್ಲ ಹೇಳುತ್ತಿದ್ದ ಮನುಷ್ಯನಿಗೆ ತನ್ನ ಕಾಲಿನ ಸುದ್ದಿ ತಿಳಿಯದಾಯಿತು. ಕೋಲು ಹಿಡಿದು ಬದುವಿನವರೆಗೆ ನಡೆದು ಬಂದು, ಬೇರೆಯವರು ಉಳುವುದನ್ನು ನೋಡುತ್ತ ನಿಲ್ಲುತ್ತಿದ್ದ. ಬೆನ್ನಿನ ಮಾತು, ಕಾಲಿನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವನು ಹೋಗಿ ಬಹಳ ವರ್ಷಗಳಾದುವು, ಇಲ್ಲಿಯವರೆಗೂ ನಾನು ಎತ್ತಿರಲಿಲ್ಲ.

ಮೊನ್ನೆ ಮುನಿಗಳ ಸಂಘವೊಂದು ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ವಿಹಾರ ಹೊರಟಿತ್ತು. ಬರಿಗಾಲಿನಲ್ಲಿ ಊರಿಂದೂರಿಗೆ ನಡೆಯುವವರು ಅವರು. ಸುನಂದಾ ಸೆರಗು ಹೊದ್ದು ನಮಸ್ಕಾರ ಮಾಡಿದಳು. ನಾನೂ ಕೈ ಮುಗಿದೆ, ಆದರೆ ಕಣ್ಣು ಮಾತ್ರ ಅವರ ಪಾದಗಳ ಮೇಲೇ ಇತ್ತು. ವಯಸ್ಸಾದ ಮುನಿಗಳೊಬ್ಬರು ಹರಳಿನ ಮೇಲೆ ಕಾಲಿಟ್ಟು ಒಂದು ಚೂರು ತಡೆದು, ಮತ್ತೆ ಮುಂದಿನ ಹೆಜ್ಜೆ ಇಟ್ಟರು. ನೋವಾಗಿತ್ತು ಅವರಿಗೆ. ನನಗೆ ಹೊಟ್ಟೆಕಿಚ್ಚಾಯಿತು. ಮುನಿಗಳ ಪಾದದ ನೋವನ್ನು ಕಂಡು ಹೊಟ್ಟೆಕಿಚ್ಚು ಪಟ್ಟ ಪಾಪಿ ಶ್ರಾವಕ ನಾನೊಬ್ಬನೇ ಇರಬೇಕು.

ಅದರ ಮುಂದಿನ ಭಾನುವಾರ ಕೊಳವೆಯನ್ನು ಕಟ್ಟೆಯಿಂದ ಎತ್ತಿಕೊಂಡೆ. ಸುನಂದಾ ನೋಡಿದಳು, ಕಟ್ಟೆ ಒರೆಸಿದಳು. ನಿಪ್ಪಾಣಿಗೆ ಸೈಕಲ್ ತುಳಿದುಕೊಂಡು ಹೋಗಿ ದಸ್ತಗೀರನ ಅಂಗಡಿಯ ಮುಂದೆ ಇಳಿದೆ. ದಸ್ತಗೀರ ಹಳೆಯ ಮೆಕ್ಯಾನಿಕ, ಅಟ್ಲಾಸಿನಂಥ ಕರಿಯ ಸೈಕಲ್ಲುಗಳ ಕಾಲದಿಂದ ಬಂದವನು, ಗೇರಿನ ಸೈಕಲ್ಲುಗಳನ್ನು ತಾನೇ ಬಿಚ್ಚಿ ಕಟ್ಟಿ ಕಲಿತವನು. ಕೊಳವೆಯನ್ನು ತಿರುಗಿಸಿ ನೋಡಿ, ಎಲ್ಲರ ಹಾಗೆ ಒಮ್ಮೆ ಒತ್ತಿದ.

"ಛಲೋ ಮಾಲ ಐತ್ರಿ ಸರ. ನಿಮ್ಮ ವಜನ ಎಷ್ಟ್ರಿ? ಅದರ ಪ್ರಕಾರ ಸ್ಪ್ರಿಂಗ ಬಿಗಿ ಮಾಡಬೇಕಾಗತೈತಿ."

ಲಗ್ನದ ವರ್ಷದ ತೂಕ ಹೇಳಿದೆ. ದಸ್ತಗೀರ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸರ, ಇದು ಫಾರಮ್ಮಿನ್ಯಾಗ ಬರಿಯೂದಲ್ರಿ. ಸ್ಪ್ರಿಂಗಿಗೆ ಸುಳ್ಳ ನಡಿಯೂದಿಲ್ಲ" ಎಂದು ತಾನೇ ಅಂದಾಜಿನ ಮೇಲೆ ಕೆಳಗಿನ ಸ್ಕ್ರೂವನ್ನು ಒಂದೂವರೆ ಸುತ್ತು ಹೆಚ್ಚಿಗೆ ತಿರುಗಿಸಿದ. ಹಳೆಯ ಸೀಟು ಬಿಚ್ಚಲು ಚೀಲ ತೆಗೆದ. ಚೀಲದ ಬಾಯಿ ಬಿಚ್ಚಿ ಪಂಕ್ಚರ್ ಸಾಮಾನು ನೆಲಕ್ಕೆ ಚೆಲ್ಲಿತು, ಅದರ ಜೊತೆ ಮಿರಜಿನ ಚೀಟಿಯೂ. ನಾನು ಕೈ ಚಾಚುವುದರೊಳಗೆ ಅವನು ಎತ್ತಿಕೊಂಡು ಬಿಡಿಸಿ ನೋಡಿಬಿಟ್ಟ. ಅವನ ಅಣ್ಣನಿಗೂ ಅಂಥದೇ ಚೀಟಿ ಬರೆದಿದ್ದರಂತೆ. ದಿನಾಂಕ ನೋಡಿದ, ನನ್ನ ಮುಖ ನೋಡಿದ.

"ಮನ್ಯಾಗ ಗೊತ್ತೈತೇನ್ರಿ?"

ನಾನು ಬಗ್ಗಿ ಚೆಲ್ಲಿದ ಸಾಮಾನು ಆಯತೊಡಗಿದೆ.

"ಸರ, ಸೀಟ ಹಾಕಿ ಕೊಡ್ತೀನ್ರಿ. ಆದ್ರ ಇದು ನನ್ನ ಕಡೆ ರಿಪೇರಿ ಆಗೂದಲ್ಲ." ಚೀಟಿಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ನನ್ನ ಅಂಗಿಯ ಜೇಬಿಗೆ ಹಾಕಿ, ಗ್ರೀಸು ಹತ್ತಿತೆಂದು ತನ್ನ ತೋಳಿನಿಂದ ಜೇಬು ಒರೆಸಿದ. ನನಗೆ ಆಗ ಅಳು ಬರುವಂತಾಯಿತು. ಎದುರಿನ ಅಂಗಡಿಯ ಬೋರ್ಡು ಓದುತ್ತ ನಿಂತೆ.

ಸೀಟು ಕೂತಿತು. ಒಂದು ಬೆರಳು ಎತ್ತರ ಮಾಡಿಕೊಟ್ಟ, ಕುಳಿತರೆ ಅಷ್ಟು ತಗ್ಗುತ್ತದೆ ಎಂದ. ಚಿಕ್ಕೋಡಿಯ ಕಡೆ ತಿರುಗದೆ ಭೋಜದ ಕಡೆ ಹೊರಟೆ. ಯಾಕೆಂದು ಕೇಳಿದರೆ ಹೇಳಲಾರೆ. ಡಾಂಬರಿನ ಮೇಲೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಊರು ಹತ್ತಿರವಾದ ಮೇಲೆ ನಮ್ಮ ಹೊಲಕ್ಕೆ ಹೋಗುವ ಕಚ್ಚಾ ದಾರಿಗೆ ಇಳಿದೆ. ಕಬ್ಬು ಕಡಿದು ಸಾಗಿಸಿ ಮೂರು ನಾಲ್ಕು ದಿನವಾಗಿತ್ತು, ಟ್ರ್ಯಾಕ್ಟರಿನ ಗಾಲಿಯ ಗುರುತು ಒಣಗಿ ಬಿರುಕು ಬಿಟ್ಟಿತ್ತು. ಹಲ್ಲು ಕಚ್ಚಿಕೊಂಡು ಅದರ ಮೇಲೆ ಹೋದೆ.

ಏಟೇ ಇಲ್ಲ! ಗಾಲಿ ಹಾರುತ್ತಿತ್ತು, ಸರಪಳಿ ಬಡಿಯುತ್ತಿತ್ತು, ನಾನು ಮಾತ್ರ ಹಗುರಾಗಿ ಮೇಲೆ ಕೆಳಗೆ ಆಡುತ್ತಿದ್ದೆ. ಅಪ್ಪಾಸಾಹೇಬ ಹೇಳಿದ ಸೋಫಾ ಸುಳ್ಳಲ್ಲ. ಬಾಯಿ ತೆರೆದು ನಕ್ಕೆ. ಬೇಕೆಂದೇ ಇನ್ನೊಂದು ದೊಡ್ಡ ತಗ್ಗಿಗೆ ಇಳಿಸಿದೆ. ಅದೂ ತಿಳಿಯಲಿಲ್ಲ. ಮತ್ತೊಂದಕ್ಕೆ ಇಳಿಸಿದೆ. ಅಷ್ಟರಲ್ಲಿ ಒಂದು ಯೋಚನೆ ಬಂದು ನಗು ಅಲ್ಲೇ ನಿಂತಿತು. ತಿಳಿಯುತ್ತಿಲ್ಲವಲ್ಲ, ಇದು ಸ್ಪ್ರಿಂಗಿನ ಕೆಲಸವೋ, ನನ್ನ ಮೈಯದೋ? ಕಾಲಿನಲ್ಲಿದ್ದದ್ದು ಮೇಲಕ್ಕೆ ಏರಿದೆಯೋ ಏನೋ, ನನಗೆ ಹೇಗೆ ಗೊತ್ತಾಗಬೇಕು? ಸೈಕಲ್ ಮೇಲೆ ಕುಳಿತೇ ತೊಡೆ ಚಿವುಟಿಕೊಂಡೆ. ನೋವಾಯಿತು. ಆದರೆ ಕಮ್ಮಿ ನೋವಾಯಿತೇನೋ ಎನಿಸಿತು. ಇಳಿದು ಸೈಕಲ್ಲನ್ನು ರವದಿಯ ಮೇಲೆ ಒಗೆದೆ.

ಸುತ್ತಲೂ ಕಡಿದ ಕಬ್ಬಿನ ಮೋಟುಗಳು ಓರೆಯಾಗಿ ಚೂಪಾಗಿ ನಿಂತಿದ್ದವು. ಬೂಟು, ಕಾಲುಚೀಲ ಕಿತ್ತು ಬಲಗಾಲನ್ನು ಒಂದು ಮೋಟಿನ ಮೇಲೆ ಇಟ್ಟೆ. ಜೀವ ಹೋದಷ್ಟು ನೋವಾಯಿತು, ಎತ್ತಿಬಿಟ್ಟೆ. ಎಡಗಾಲಿನ ಹೊರಗಿನ ಅಂಚನ್ನು ಇಟ್ಟೆ. ಅಲ್ಲಿ ಏನೋ ಇದೆ ಎಂದು ಮಾತ್ರ ತಿಳಿಯಿತು, ಕಂಬಳಿಯ ಮೇಲಿಂದ ಮುಟ್ಟಿದ ಹಾಗೆ. ಸರಿಯಾಗಿ ಊರಿಲ್ಲ ಎಂದುಕೊಂಡು ಭಾರ ಬಿಟ್ಟೆ. ಇನ್ನೂ ಬಿಟ್ಟೆ. ಬದುವಿನ ಮೇಲೆ ಯಾರೂ ಇರಲಿಲ್ಲ. ನನಗೆ ಆಗ ಆದ ಅಂಜಿಕೆಯನ್ನು ನಗೆ ಮಾಡಿ ಬರೆಯಲು ನನ್ನಿಂದ ಆಗುವುದಿಲ್ಲ. ಫೋನ್ ತೆಗೆದು ಮನೆಗೆ ಹಚ್ಚಿದೆ.

"ಸುನಂದಾ, ನನಗ ಅಂಜಿಕಿ ಆಗಾಕತ್ತೈತಿ" ಎಂದೆ.

"ಎಲ್ಲಿದ್ದೀರಿ? ಬಿದ್ರೇನ?"

"ಬಿದ್ದಿಲ್ಲ. ಭೋಜದ ಹೊಲದಾಗ ಅದೀನಿ. ಮೂರ ತಿಂಗಳಾತು, ನನ್ನ ಎಡಗಾಲ ತಿಳಿಯವಲ್ದು. ಮಿರಜಿಗೆ ತೋರಿಸಿದ್ದೆ. ಸ್ಕ್ಯಾನ್ ಮಾಡಸು ಅಂದಾರ. ನಾ ಮಾಡಸಿಲ್ಲ, ನಿನಗೂ ಹೇಳಿಲ್ಲ."

ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿ ಎಂದೇ ಆಸೆಪಟ್ಟೆ. ಬಂದ ದನಿ ನಾನು ಕೇಳಿರದಷ್ಟು ಸಣ್ಣದಾಗಿತ್ತು.

"ಸೈಕಲ್ ಹತ್ತಬ್ಯಾಡ್ರಿ. ಅಲ್ಲೇ ಕುಂದರ್ರಿ, ನಾ ಗಾಡಿ ತಗೊಂಡ ಬರ್ತೀನಿ. ನಾಳೆ ಮಿರಜಿಗೆ ಇಬ್ಬರೂ ಹೋಗೂನು." ಕೀಲಿಕೈ ಹುಡುಕುವ ಸದ್ದು ಕೇಳಿಸಿತು. "ಕಾಲಾಗ ಏನ ಹಾಕ್ಕೊಂಡೀರಿ?"

"ಏನೂ ಇಲ್ಲ. ಕಬ್ಬಿನ ಮೋಟದ ಮ್ಯಾಲ ಇಟ್ಟ ನೋಡಿದೆ, ತಿಳೀತೈತೋ ಇಲ್ಲೋ ಅಂತ."

"ಅಯ್ಯ ದೇವರ! ಅಂಗಾಲ ನೋಡ್ರಿ ಮೊದಲ."

ಬದುವಿನ ಮೇಲೆ ಕುಳಿತು, ಎಡಗಾಲನ್ನು ಎತ್ತಿ ಬಲ ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸಿದೆ. ಒಂದು ಬೆರಳುದ್ದ ಸೀಳಿತ್ತು. ರಕ್ತ ಹಿಮ್ಮಡಿಯವರೆಗೆ ಇಳಿದು ಮಣ್ಣು ಮೆತ್ತಿಕೊಂಡಿತ್ತು.

"ರಕ್ತ ಬರಾಕತ್ತೈತಿ" ಎಂದೆ.

"ಉರಿತೈತೇನ್ರಿ?" ಎಂದು ಕೇಳಿದಳು. ಉರಿಯುತ್ತದೆ ಅನ್ನಲಿ ಎಂದು ಅವಳು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು.

"ಇಲ್ಲ" ಎಂದೆ.